ತಂಪೆಂದು ತೋರಿಸಿದ ಮುಳ್ಳು

ಹಳೆಯ ಜೀಪು ಮಾರುವ ಮೊದಲು ಅದರ ಟೆಂಪರೇಚರ್ ಮೀಟರ್ ಸರಿಮಾಡಿಸೋಣವೆಂದು ಮೊನ್ನೆ ಶಿರಸಿಯ ಗ್ಯಾರೇಜಿಗೆ ಒಯ್ದಿದ್ದೆ. ಮೆಕ್ಯಾನಿಕ್ ಇಂಜಿನ್ನಿನಿಂದ ಹಿತ್ತಾಳೆಯ ಸೆನ್ಸರ್ ಬಿಚ್ಚಿ ಅಂಗೈಯಲ್ಲಿ ಹಿಡಿದ. ಅದರ ಥ್ರೆಡ್ಡಿಗೆ ಬಿಳಿ ಟೇಪು ಸುತ್ತಿತ್ತು, ತೋಟದ ನೀರಿನ ಪೈಪಿಗೆ ಸುತ್ತುವಂಥದ್ದು.

"ಇದ್ಕೇ ಮುಳ್ಳು ಏಳ್ದೆ ಇದ್ದಿದ್ದು ಮಾರಾಯ್ರೆ. ಟೇಪ್ ಸುತ್ತಿದ್ರೆ ಅರ್ತಿಂಗ್ ಎಲ್ಲಿಂದ ಸಿಗ್ಬೇಕು?"

ಆ ಟೇಪು ಸುತ್ತಿದ್ದು ನಾನು.

ಹನ್ನೆರಡು ವರ್ಷದ ಹಿಂದೆ ಆ ಸೆನ್ಸರ್ ಹಾಕಿಕೊಟ್ಟವರು ಯಲ್ಲಾಪುರದಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ ವಯಸ್ಸಾದವರೊಬ್ಬರು. ಅಂಗಡಿಗೆ ಬೋರ್ಡಿರಲಿಲ್ಲ... ಅಥವಾ ಇತ್ತೋ. ನನ್ನನ್ನು ಸೀಟಿನಲ್ಲಿ ಕೂರಿಸಿ, ಸೆನ್ಸರಿನ ವೈರ್ ಕಿತ್ತು ಇಂಜಿನ್ನಿನ ಮೈಗೆ ಮುಟ್ಟಿಸಿದ್ದರು. ಮುಳ್ಳು ಸರ್ರನೆ ಕೆಂಪಿಗೆ ಏರಿತು. "ಕಂಡ್ರಾ? ಮುಳ್ಳಿಗೆ ಬಿಸಿ ಗೊತ್ತಿಲ್ಲ, ಕರೆಂಟ್ ಮಾತ್ರ ಗೊತ್ತು." ನೀರು ಕಾದಷ್ಟೂ ಸೆನ್ಸರ್ ಹೆಚ್ಚು ಕರೆಂಟು ಬಿಡುತ್ತದೆ, ಅದು ಇಂಜಿನ್ನಿನ ಮೈಯಿಂದಲೇ ಬ್ಯಾಟರಿಗೆ ಮರಳುತ್ತದೆ, ಆ ದಾರಿ ಕಡಿದರೆ ಮುಳ್ಳು ತಂಪೆಂದೇ ತೋರಿಸುತ್ತದೆ ಎಂದು ವಿವರಿಸಿದ್ದರು. ಕಾಲೇಜು ಓದಿದವನು ನಾನು, ತಲೆಯಾಡಿಸಿದ್ದೆ.

ಮನೆಗೆ ಬಂದ ಮೇಲೆ ಸೆನ್ಸರಿನ ಬುಡದಲ್ಲಿ ನೀರು ಜಿನುಗಿತು. ಅದನ್ನು ಬಿಚ್ಚಿ, ಪೈಪಿಗೆ ಮಾಡುವಂತೆಯೇ ಟೇಪು ಸುತ್ತಿ ಮತ್ತೆ ಕೂರಿಸಿದೆ. ಆ ವಾರವೇ ಅರಬೈಲ್ ಘಟ್ಟ ಹತ್ತುವಾಗ, ಮುಳ್ಳು ತಂಪಿನಲ್ಲಿದ್ದಂತೆಯೇ, ಬಾನೆಟ್ಟಿನಿಂದ ಹಬೆಯೆದ್ದು ಇಂಜಿನ್ ಹಿಡಿದು ನಿಂತಿತು.

ಅವರ ಅಂಗಡಿಯೆದುರು ನಾಲ್ಕು ಜನರ ಮುಂದೆ ಕೂಗಾಡಿದೆ. ಅವರು ಕೇಳಿದ್ದು ಒಂದೇ: "ನಾ ಹಾಕಿದ್ಮೇಲೆ ನೀವು ಬಿಚ್ಚಿದ್ರಾ?"

"ಇಲ್ಲ" ಎಂದೆ. ಅದು ಸುಳ್ಳೆಂದು ಆಗ ತಿಳಿದಿತ್ತೇ? ಮರೆತಿದ್ದೆನೋ, ಟೇಪು ಸುತ್ತಿದ್ದನ್ನು ಬಿಚ್ಚಿದ ಲೆಕ್ಕಕ್ಕೇ ಹಿಡಿದಿರಲಿಲ್ಲವೋ... ನನಗೆ ಅನುಕೂಲವಾದ ಉತ್ತರವನ್ನೇ ನೆನಪು ಹುಡುಕುತ್ತಿರಬಹುದು. ಅವರ ಮುಖ ಮಾತ್ರ ನೆನಪಿಗೆ ಬರುತ್ತಿಲ್ಲ. ಆಮೇಲೆ ಶಿರಸಿಯಿಂದ ಇಡಗುಂದಿಯವರೆಗೆ ಸಿಕ್ಕಿದವರಿಗೆಲ್ಲ ಈ ಕಥೆ ಹೇಳಿದೆ. ಗಿರಾಕಿಗಳು ಅಲ್ಲಿಗೆ ಹೋಗುವುದನ್ನು ಬಿಟ್ಟರು. ವರ್ಷದೊಳಗೆ ಅಂಗಡಿ ಮುಚ್ಚಿತು. ನಾನು ಇಂಜಿನ್ ಕಟ್ಟಿಸಿಕೊಂಡೆ, ಮೀಟರಿನ ಗೊಡವೆಗೆ ಹೋಗಲಿಲ್ಲ.

ಮೆಕ್ಯಾನಿಕ್ ಉಗುರಿನಿಂದ ಟೇಪು ಕೆರೆಯುತ್ತಿದ್ದ. "ಯಲ್ಲಾಪುರದ ಆ ಅಜ್ಜಂದೇ ಕೆಲ್ಸ ಇದು. ನಿಮ್ ಜೀಪ್ ಸುಟ್ಟಿದ್ದು ಅವ್ನೇ ಅಂತ ಎಲ್ಲ ಹೇಳ್ತಿದ್ರಲ್ಲ. ಪಾಪ, ತೀರ್ಕಂಡು ಎರಡ್ ವರ್ಷ ಆತು."

ನನಗೆ ತಿಳಿದಿರಲಿಲ್ಲ. ಇನ್ನು ಹೇಳುವುದಾದರೂ ಯಾರಿಗೆ?

"ಅವರಲ್ಲ. ಸುತ್ತಿದ್ದು ನಾನು," ಎಂದೆ.

ಅವನು ತಲೆಯೆತ್ತಿ ನೋಡಿ ನಕ್ಕ. "ಸತ್ತವ್ರ ಮೇಲೆ ಹಾಕದು ಬ್ಯಾಡ ಅಂತ ಹೇಳ್ತಿದ್ರಿ, ಅಲ್ದಾ? ದೊಡ್ಡ ಮನಸ್ಸು ಮಾರಾಯ್ರೆ ನಿಮ್ದು."

ನಾನೇ ಎಂದು ಮತ್ತೊಮ್ಮೆ ಹೇಳಿದೆ. ಅವನು ಎದುರಿನ ಹೋಟೆಲಿಗೆ ಕೂಗಿ ನನಗೊಂದು ಚಾ ಹೇಳಿದ.