ಹಾರದಿರುವುದನ್ನು ಕಲಿಸುವ ಕ್ಯಾನತ್ತೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಈಜುಕೊಳದ ಹಿಂಬಾಗಿಲಲ್ಲಿ ಆಗಲೇ ಮಕ್ಕಳ ದಂಡು ಸೇರಿದೆ. ಯಾರ ಮೈಮೇಲೂ ಈಜುಡುಗೆ ಇಲ್ಲ. ಎಲ್ಲರದೂ ಹಳೇ ಸಮವಸ್ತ್ರ, ಕಾಲಲ್ಲಿ ಬೂಟು. ಒಳಗೆ ನೆಲ ಉಜ್ಜುತ್ತಿರುವ ಹೆಂಗಸು ಪೊರಕೆಯನ್ನು ಗೋಡೆಗೆ ಒರಗಿಸಿ, "ಬನ್ರೋ ಕಪಿಗಳಾ, ಓಡ್ಬೇಡಿ, ನೆಲ ಇನ್ನೂ ಒದ್ದೆ ಇದೆ" ಎಂದು ಗದರುತ್ತಾರೆ. ಗದರಿಕೆಗೆ ಯಾರೂ ಸೊಪ್ಪು ಹಾಕುವುದಿಲ್ಲ. ಓಡಿಬಂದವರು ನೀರಿಗಿಳಿಯದೆ ಕೊಳದ ಅಂಚಿನಲ್ಲಿ ಸಾಲಾಗಿ ಬೋರಲು ಮಲಗುತ್ತಾರೆ.

ಇದೇ ಮೊದಲ ಪಾಠ. ಗೆಳೆಯ ನೀರಿಗೆ ಬಿದ್ದರೆ ಹಿಂದೆಯೇ ಹಾರಕೂಡದು. ನೆಲಕ್ಕೆ ಮಲಗಬೇಕು, ಗಂಟಲು ಹರಿಯುವಂತೆ ಕೂಗಬೇಕು, ಹಗ್ಗ ಕಟ್ಟಿದ ಪ್ಲಾಸ್ಟಿಕ್ ಕ್ಯಾನನ್ನು ಅವನತ್ತ ಎಸೆಯಬೇಕು. ಆ ಕ್ಯಾನಿನಿಂದಾಗಿಯೇ ಈ ಸ್ವಚ್ಛತಾ ಕೆಲಸಗಾರ್ತಿಗೆ 'ಕ್ಯಾನತ್ತೆ' ಎಂಬ ಹೆಸರು ಬಿದ್ದಿದೆ. "ಪೂರ್ತಿ ಖಾಲಿ ಇದ್ರೆ ಗಾಳಿಗೆ ಎಲ್ಲೋ ಹೋಗ್ಬಿಡತ್ತೆ. ತಳದಲ್ಲಿ ಒಂದು ಲೋಟ ನೀರು ಬಿಟ್ರೆ ಹೇಳಿದ ಮಾತು ಕೇಳತ್ತೆ. ಈ ಮಕ್ಕಳಿಗಿಂತ ವಾಸಿ!" ಎನ್ನುತ್ತಾರೆ ಅತ್ತೆ.

ಎಸೆತ ಕೈಗೆ ಕೂತ ಮೇಲೆಯೇ ನೀರಿನ ಪಾಠ. ಅದೂ ಬಟ್ಟೆ, ಬೂಟಿನ ಸಮೇತ ಅಂಗಾತ ತೇಲುವುದು. "ಈಜುಡುಗೆ ಹಾಕ್ಕೊಂಡು ಯಾರಾದ್ರೂ ಕಾಲು ಜಾರಿ ಬೀಳ್ತಾರಾ?" ಎನ್ನುವುದು ಅವರ ಪ್ರಶ್ನೆ. ಮಗನನ್ನು ಬಿಡಲು ಬಂದ ಬಡಗಿಗೆ ತಾಳ್ಮೆ ಕಡಿಮೆ. "ಅಕ್ಕಾ, ನಮ್ಮೋನು ನೆಲದ ಮೇಲೇ ಈಜಿ ಮನೆಗೆ ಬರ್ತಾನೇನೋ" ಎಂದು ಒಮ್ಮೆ ಕಿಚಾಯಿಸಿದ್ದನ್ನು ಆ ಬಡಗಿಯೇ ಈಗ ನಾಚಿಕೊಂಡು ಹೇಳುತ್ತಾರೆ.

ಬಡಾವಣೆಯ ಬೆನ್ನಿಗೆ ಕಲ್ಲು ತೆಗೆದು ಬಿಟ್ಟ ದೊಡ್ಡ ಹೊಂಡವಿದೆ. ಅತ್ತೆಯ ತಮ್ಮ ಹೋದದ್ದು ಅಲ್ಲಿಯೇ. "ಬಹಳ ಚೆನ್ನಾಗಿ ಈಜ್ತಿದ್ದ. ಗೆಳೆಯ ಮುಳುಗ್ತಿದಾನೆ ಅಂತ ಹಾರಿದ. ಆ ಹುಡುಗ ಗಾಬರೀಲಿ ಇವನ ಕತ್ತು ತಬ್ಕೊಂಡ. ಇಬ್ರೂ ಮೇಲೆ ಬರ್ಲಿಲ್ಲ." ಇಷ್ಟು ವರ್ಷ ತಮ್ಮನ್ನು ಕೊರೆದ ಅನುಮಾನವನ್ನೂ ಹೇಳುತ್ತಾರೆ. "ಪಾಠ ಹೇಳೋದು ಸುಲಭ ರೀ. ಕಣ್ಣೆದುರಿಗೆ ಗೆಳೆಯ ಮುಳುಗ್ತಿದ್ರೆ ಯಾವ ಮಗು ಸುಮ್ನೆ ನೆಲಕ್ಕೆ ಮಲಗತ್ತೆ?"

ಉತ್ತರ ಕಳೆದ ತಿಂಗಳು ಸಿಕ್ಕಿದೆ. ಚೆಂಡು ಹುಡುಕಲು ಹೋದ ಬಡಗಿಯ ಮಗ ಹೊಂಡಕ್ಕೆ ಜಾರಿದ್ದಾನೆ. ಜೊತೆಗಿದ್ದವಳು ಬೇಕರಿಯವರ ಮಗಳು, ಒಂಬತ್ತರ ಪೋರಿ, ಈ ಗುಂಪಿನಲ್ಲೇ ಈಜಿನಲ್ಲಿ ಎತ್ತಿದ ಕೈ. ಹುಡುಗ ಬೂಟುಗಾಲಲ್ಲೇ ಅಂಗಾತ ತೇಲಿದ್ದಾನೆ. ಇವಳು ಬೇಲಿಗೆ ಅತ್ತೆ ಕಟ್ಟಿಟ್ಟಿದ್ದ ಕ್ಯಾನನ್ನು ಬಿಚ್ಚಿ, ಮಲಗಿ, ಕೂಗುತ್ತಲೇ ಎಸೆದಿದ್ದಾಳೆ. ಮೊದಲ ಎಸೆತ ಗುರಿ ತಪ್ಪಿತು, ಎರಡನೆಯದು ಅವನ ಕೈಗೆ ಸಿಕ್ಕಿತು. ಕೂಗು ಕೇಳಿ ಓಡಿಬಂದವರು ಹಗ್ಗ ಹಿಡಿದು ಎಳೆದುಕೊಂಡರು.

ಹುಡುಗ ಬದುಕಿದ. ಆದರೆ ಬೀದಿಯ ಬಾಯಿ ಸುಮ್ಮನಿರಬೇಕಲ್ಲ! "ಅಷ್ಟು ಈಜು ಬರುತ್ತೆ, ಆದ್ರೂ ಹಾರ್ಲಿಲ್ಲ ನೋಡಿ, ಪುಕ್ಕಲಿ" ಎಂದು ದೊಡ್ಡವರೇ ಆಡಿಕೊಂಡರು. ಕೇಳಿದರೆ ನನಗೇ ಮೈ ಉರಿಯುತ್ತದೆ. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಕೊಳಕ್ಕೆ ಬರುವುದನ್ನೇ ಬಿಟ್ಟಳು. ಸುದ್ದಿ ತಿಳಿದ ಅತ್ತೆ ಕೆಲಸದ ಬಟ್ಟೆಯಲ್ಲೇ ಬೇಕರಿಗೆ ಹೋಗಿ, ಹಿಟ್ಟಿನ ಮೂಟೆಗಳ ನಡುವೆ ಅವಿತು ಕೂತವಳ ಪಕ್ಕ ತಾವೂ ಕೂತರು.

"ಹಾರ್ಬೇಕು ಅನ್ನಿಸ್ಲಿಲ್ವೇನೇ ನಿಂಗೆ?" ಎಂದು ಕೇಳಿದರಂತೆ.

"ತುಂಬಾ ಅನ್ನಿಸ್ತು ಅತ್ತೆ. ಎಲ್ಲಿ ಹಾರ್ಬಿಡ್ತೀನೋ ಅಂತ್ಲೇ ಬೇಗ ಮಲಗ್ಬಿಟ್ಟೆ."

ಇದನ್ನು ಹೇಳುವಾಗ ಅತ್ತೆಯ ಕಣ್ಣು ತುಂಬುತ್ತದೆ, ಮುಖದಲ್ಲಿ ಮಾತ್ರ ನಗುವಿದೆ. ಆ ಹುಡುಗಿ ಈಗ ಮತ್ತೆ ಬರುತ್ತಿದ್ದಾಳೆ. ಅಂಚಿನಲ್ಲಿ ಪುಟ್ಟ ಮಕ್ಕಳನ್ನು ಮಲಗಿಸುತ್ತಿರುವವಳು ಅವಳೇ.

"ನನ್ನ ತಮ್ಮಂಗೂ ಆಗ ಒಂಬತ್ತೇ ವರ್ಷ" ಎನ್ನುತ್ತಾರೆ ಅತ್ತೆ, ಅವಳ ಕಡೆಯೇ ನೋಡುತ್ತಾ. "ಇವಳು ಹತ್ತು ತುಂಬಿಸ್ತಾಳೆ ರೀ."