ಭರತ್‌ಭಾಯಿಯ ಪೋಸ್ಟು, ಪ್ರಭಾಕರನ ಮೆಷೀನು

ಕಳೆದ ವಾರ ವಡೋದರಾದ ಮಕರಪುರ ಇಂಡಸ್ಟ್ರಿಯಲ್ ಎಸ್ಟೇಟಿನ ಶೆಡ್ಡೊಂದರಲ್ಲಿ ಉಕ್ಕಿನ ಅಚ್ಚೊಂದು ನನ್ನ ಕಣ್ಣೆದುರೇ ತೀರಿಕೊಂಡಿತು. ನಾನು ಹೋಗಿದ್ದು ಅದರ ಹುಟ್ಟಿಗೆ.

ಶೆಡ್ಡು ಗೆಳೆಯ ಪ್ರಭಾಕರನದು. ಮನೆಯವರದು ವಡೋದರಾದಲ್ಲೇ ಉಡುಪಿ ಹೋಟೆಲು. ಇವನೊಬ್ಬ ಗಲ್ಲಾ ಬಿಟ್ಟೆದ್ದು, ಕಂಪ್ಯೂಟರ್ ಹೇಳಿದಂತೆ ಉಕ್ಕು ಕೊರೆಯುವ ಸೆಕೆಂಡ್‌ಹ್ಯಾಂಡ್ ಸಿಎನ್‌ಸಿ ಮೆಷೀನು ತಂದ. ಅವನಣ್ಣ ವಿಠಲರಾಯರ ಷರತ್ತು ಒಂದೇ: ಮೊದಲ ಅಚ್ಚು ಸರಿಯಾಗಿ ಬರಬೇಕು. ಇಲ್ಲವೇ ಮೆಷೀನು ಮಾರಿ ಗಲ್ಲಾಕ್ಕೆ ವಾಪಸ್ಸು.

ಪೂಜೆಯಾಯಿತು, ಕಾಯಿ ಒಡೆದಾಯಿತು. (ಕಂಪ್ಯೂಟರಿಗೂ ಕುಂಕುಮ ಬಿತ್ತು.)

ಈಗ ಸಣ್ಣದೊಂದು ಪಾಠ, ಕ್ಷಮಿಸಿ. ಕೊರೆಯುವ ಟೂಲು ಎಲ್ಲೆಲ್ಲಿ ಓಡಾಡಬೇಕೆಂಬ ದಾರಿಯನ್ನು ಕಂಪ್ಯೂಟರಿನಲ್ಲಿ ಹಾಕುತ್ತಾರೆ. ಅದು ಮೆಷೀನಿಗೆ ಅರ್ಥವಾಗದು. ‘ಪೋಸ್ಟ್ ಪ್ರೊಸೆಸರ್’ ಎಂಬ ದುಭಾಷಿ ನಡುವೆ ಕೂತು ಅದನ್ನು ಮೆಷೀನಿನ ಕೋಡಿಗೆ ಇಳಿಸಬೇಕು. ಒಂದೊಂದು ಮೆಷೀನಿಗೂ ಅದರದೇ ಪೋಸ್ಟು. ಆದರೆ ಈ ಎಸ್ಟೇಟಿನಲ್ಲಿ ಪೋಸ್ಟನ್ನು ಮೊಸರಿನ ಹೆಪ್ಪಿನಂತೆ ಪಕ್ಕದವರಿಂದ ಕೇಳಿ ತರುವುದು ವಾಡಿಕೆ. ಪಕ್ಕದ ಶೆಡ್ಡಿನ ಭರತ್‌ಭಾಯಿ ತಮ್ಮದನ್ನು ಫ್ಲಾಪಿಯಲ್ಲಿ ಹಾಕಿಕೊಟ್ಟಿದ್ದರು. ಚಹಾ ಕುಡಿಸಿ.

“ಒಮ್ಮೆ ಟೂಲನ್ನು ಮೇಲೆತ್ತಿ ಗಾಳಿಯಲ್ಲಿ ಓಡಿಸಿ ನೋಡ್ತೇನೆ ಅಣ್ಣ,” ಎಂದ ಪ್ರಭಾಕರ.

“ಗಾಳಿಯಲ್ಲಿ ಓಡಿಸ್ಲಿಕ್ಕೆ ಇದೇನು ಗಾಳಿಪಟವಾ ಮಾರಾಯ? ಅಲ್ಲಿ ಹೋಟ್ಲಲ್ಲಿ ಊಟದ ಟೈಮ್ ಆಯ್ತು. ಶುರು ಮಾಡು.”

ಶುರುವಾಯಿತು. ಅಚ್ಚಿನ ಗುಳಿ ಕನ್ನಡಿಯಂತೆ ಮೂಡಿತು. ವಿಠಲರಾಯರ ಮುಖದಲ್ಲೂ ಏನೋ ಮೂಡುತ್ತಿತ್ತು. ಉಳಿದದ್ದು ಆ ಪೋಸ್ಟು ಬರೆದ ಕೊನೆಯ ಆಜ್ಞೆ: ಟೂಲು ತನ್ನ ಜಾಗಕ್ಕೆ ಮರಳಲಿ.

ಭರತ್‌ಭಾಯಿಯ ಮೆಷೀನು ಇದನ್ನು ಕೇಳಿದೊಡನೆ ಟೂಲನ್ನು ಮೊದಲು ನೇರ ಮೇಲೆತ್ತಿ, ಆಮೇಲೆ ಪಕ್ಕಕ್ಕೆ ಸರಿಸುತ್ತದಂತೆ. ಪ್ರಭಾಕರನದು ಗುಳಿಯೊಳಗಿಂದಲೇ ಓರೆಯಾಗಿ ಹೊರಟಿತು. ಅವನು ಕೆಂಪು ಬಟನ್ ಒತ್ತುವಷ್ಟರಲ್ಲಿ ಅಚ್ಚಿನ ಗೋಡೆ ಕಿತ್ತುಹೋಗಿ ಟೂಲು ಮುರಿದಿತ್ತು.

ಸದ್ದಿಗೆ ಓಡಿಬಂದ ಭರತ್‌ಭಾಯಿ ತಲೆಯ ಮೇಲೆ ಕೈಯಿಟ್ಟರು. “ಅರೇ, ಮಾರೇ ತ್ಯಾಂ ತೋ ಬರಾಬರ್ ಚಾಲೇ ಛೇ!” ನಮ್ಮಲ್ಲಿ ಸರಿಯಾಗಿಯೇ ನಡೆಯುತ್ತದಲ್ಲ!

ಸುಳ್ಳಲ್ಲ. ಅವರಲ್ಲಿ ನಡೆಯುತ್ತದೆ. ನಮ್ಮನ್ನು ಹಾಳುಮಾಡಿದ ಸಲಹೆಗಳನ್ನೆಲ್ಲ ನೆನೆದು ನೋಡಿ. ಕೊಟ್ಟವರಲ್ಲಿ ಸುಳ್ಳುಗಾರರು ಎಷ್ಟು ಮಂದಿ?

ಸೋಮವಾರ ಅವರ ಹೋಟೆಲಿಗೆ ಕಾಫಿಗೆ ಹೋದರೆ ಗಲ್ಲಾದಲ್ಲಿ ಪ್ರಭಾಕರ. ಉಗುರುಸಂದಿಯ ಆಯಿಲಿನ್ನೂ ಹೋಗಿರಲಿಲ್ಲ. ನನ್ನತ್ತ ನೋಡಲಿಲ್ಲ.

ತಡೆಯಲಾರದೆ ವಿಠಲರಾಯರಿಗೆ ಹೇಳಿದೆ, “ಇನ್ನೊಂದು ಅವಕಾಶ ಕೊಡಬಹುದಿತ್ತು.”

ಅವರು ಶಾಂತವಾಗಿಯೇ ಹೇಳಿದರು. “ಅಪ್ಪಯ್ಯನಿಗೆ ಈ ಗಲ್ಲಾ ಸರಿಹೋಯ್ತು. ನನಗೂ ಸರಿಹೋಯ್ತು. ಇವನಿಗೆ ಮಾತ್ರ ಯಾಕೆ ಆಗುದಿಲ್ಲ?”

ಭರತ್‌ಭಾಯಿಯೂ ಇದನ್ನೇ ಅಲ್ಲವೆ ಹೇಳಿದ್ದು?