ಫಿಲ್ಮಿನಿಂದ ಅಳಿಸಿಹೋದ ಶನಿಯ ನಾಲ್ಕು ಚಂದ್ರರು

2009ರ ನವೆಂಬರ್ 21, ಶನಿವಾರ, ಬೆಳಿಗ್ಗೆ ಎಂಟೂ ಮುಕ್ಕಾಲು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದ ನಮ್ಮ ಆಫ್‌ಸೆಟ್ ಮುದ್ರಣಾಲಯದಲ್ಲಿ ಆಗ ಹಾಜರಿದ್ದವರು ನಾಲ್ವರು: ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದ ನಾನು, ಫಿಲ್ಮು ತಿದ್ದುವ ಖಾಜಾಸಾಬ್, ಮಷಿನ್ ನಡೆಸುವ ಹುಲುಗಪ್ಪ ಮತ್ತು ಎಮ್ಮಿಗನೂರಿನಿಂದ ಬಂದಿದ್ದ ವಿಜ್ಞಾನ ಶಿಕ್ಷಕಿ ಶಿವಲೀಲಾ ಮೇಡಂ. ಹಿಂದಿನ ಸಂಜೆ ಮುದ್ರಿಸಿಟ್ಟ ಅರವತ್ತು ಗೋಡೆ ಚಾರ್ಟುಗಳನ್ನು ಒಯ್ಯಲು ಅವರು ಬಂದಿದ್ದರು. ಒಂದನ್ನು ಮೇಜಿನ ಮೇಲೆ ಹರಡಿ, ಚೀಲದಿಂದ ಭೂತಗನ್ನಡಿ ತೆಗೆದು, ಮೂಲೆಯಿಂದ ಮೂಲೆಗೆ ನೋಡಿದರು. ಇನ್ನೊಂದನ್ನು ಹರಡಿ ಮತ್ತೆ ನೋಡಿದರು.

"ಸಾರ್, ನನ್ನ ಚಂದ್ರರು ಎಲ್ಲಿ?" ಅಂದರು.

ಚಾರ್ಟಿನ ವಿಷಯ ಮೊದಲು ಹೇಳಬೇಕು. ಆ ವರ್ಷಗಳಲ್ಲಿ ಒಂದು ವ್ಯೋಮನೌಕೆ ಶನಿಗ್ರಹವನ್ನು ಸುತ್ತುತ್ತ ಚಿತ್ರ ಕಳಿಸುತ್ತಿತ್ತು. ಆ ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. ನೌಕೆಯ ಕ್ಯಾಮೆರಾ ಬಣ್ಣದ ಚಿತ್ರವನ್ನು ಒಮ್ಮೆಗೇ ತೆಗೆಯುವುದಿಲ್ಲ. ಕೆಂಪು, ಹಸಿರು, ನೀಲಿ ಗಾಜುಗಳನ್ನು ಒಂದಾದ ಮೇಲೊಂದು ಮುಂದಿಟ್ಟುಕೊಂಡು ಮೂರು ಕಪ್ಪು-ಬಿಳುಪು ಚಿತ್ರ ತೆಗೆಯುತ್ತದೆ. ಮೇಡಂ ಮತ್ತು ಅವರ ಹತ್ತನೆಯ ತರಗತಿಯ ಮಕ್ಕಳು ಅಂಥ ಮೂರನ್ನು ಶಾಲೆಯ ಒಂದೇ ಕಂಪ್ಯೂಟರಿನಲ್ಲಿ ಸೇರಿಸಿ ಬಣ್ಣದ ಚಿತ್ರ ಮಾಡಿದ್ದರು. ಬಳೆಗಳ ಸಮೇತ ಶನಿ, ಸುತ್ತ ಕಪ್ಪು ಆಕಾಶ, ಅದರಲ್ಲಿ ಆರು ಚಂದ್ರರು. ಎರಡು ಕಡಲೆಕಾಳಿನಷ್ಟು, ನಾಲ್ಕು ಬರಿಯ ಚುಕ್ಕೆ. ಚಿತ್ರದ ಕೆಳಗೆ ದಪ್ಪ ಅಕ್ಷರದಲ್ಲಿ "ಇಲ್ಲಿ ಆರು ಚಂದ್ರರಿದ್ದಾರೆ, ಹುಡುಕಿ" ಎಂದಿತ್ತು. ಈಗ ಚಾರ್ಟಿನಲ್ಲಿ ಇದ್ದದ್ದು ಎರಡು.

"ಇವತ್ತು ಮೂರು ಗಂಟೆಗೆ ಕಂಪ್ಲಿಯಾಗ ವಸ್ತುಪ್ರದರ್ಶನ ಐತಿ ಸಾರ್," ಎಂದರು ಮೇಡಂ. "ಉದ್ಘಾಟನೆಗೆ ಬರೋ ಸಾಹೇಬ್ರು ಹೋದ ತಿಂಗಳು ನಮ್ಮ ಸಾಲಿಗೆ ಬಂದಿದ್ರು. ಹುಡುಗ್ರ ಮುಂದನ ಅಂದ್ರು, 'ನೀವು ಶನಿ ಚಂದ್ರನ್ನ ಹುಡುಕೀರಿ ಅಂದ್ರ ನಾ ನಂಬಬೇಕಾ? ಅಚ್ಚು ಹಾಕಿಸಿ ತೋರಿಸ್ರಿ, ನಾನ ಎಣಿಸ್ತೀನಿ' ಅಂತ. ಈಗ ಎರಡು ತೋರಿಸಿ ಆರು ಅಂದ್ರ ನನ್ನ ಹುಡುಗ್ರು ಸುಳ್ಳುಗಾರರು ಆಗ್ತಾರ."

ಖಾಜಾಸಾಬ್ ಅಷ್ಟರಲ್ಲಿ ಚಾರ್ಟಿನ ಮೇಲೆ ಬಾಗಿದ್ದರು. ಅವರ ಮುಖ ನೋಡಿದಾಗಲೇ ನನಗೆ ತಿಳಿಯಿತು. ತಪ್ಪು ಅವರ ಕೈಯಿಂದ ಆಗಿತ್ತು, ಆದರೆ ತಪ್ಪು ಅವರದಲ್ಲ.

ಬಣ್ಣದ ಮುದ್ರಣಕ್ಕೆ ನಾಲ್ಕು ಫಿಲ್ಮು ಬೇಕು: ಸಯಾನ್, ಮಜೆಂಟಾ, ಹಳದಿ, ಕಪ್ಪು. ನಮ್ಮ ಫಿಲ್ಮುಗಳು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದವು. ದಾರಿಯ ಧೂಳಿಗೆ, ಉಜ್ಜಾಟಕ್ಕೆ ಕಪ್ಪು ಭಾಗದಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತವೆ. ಅವು ಪಿನ್‌ಹೋಲ್. ಹಾಗೇ ಬಿಟ್ಟರೆ ಅಚ್ಚಿನಲ್ಲಿ ಬಿಳಿ ಚುಕ್ಕೆ ಬರುತ್ತದೆ. ಆದ್ದರಿಂದ ಫಿಲ್ಮನ್ನು ಬೆಳಕಿನ ಮೇಜಿನ ಮೇಲಿಟ್ಟು, ಓಪೇಕ್ ಎಂಬ ಕಂದು ಬಣ್ಣವನ್ನು ಸಣ್ಣ ಬ್ರಷ್ಷಿನಿಂದ ಹಚ್ಚಿ ಪ್ರತಿ ತೂತನ್ನೂ ಮುಚ್ಚಬೇಕು. ಕಪ್ಪಿನಲ್ಲಿ ಬಿಳಿ ಕಂಡರೆ ಮುಚ್ಚು, ಕೇಳಬೇಡ ಎಂದು ನನ್ನ ಮೇಸ್ತ್ರಿ ನನಗೆ ಕಲಿಸಿದ್ದರು. ನಾನು ಎಲ್ಲರಿಗೂ ಅದನ್ನೇ ಕಲಿಸಿದ್ದೆ. ತಿದ್ದಿದ ನಾಲ್ಕೂ ಫಿಲ್ಮನ್ನು ನಾನೇ ಪರೀಕ್ಷಿಸಿ, ಆಕಾಶ ಎಷ್ಟು ಸ್ವಚ್ಛವಾಗಿದೆ ಎಂದು ಮೆಚ್ಚಿ ಸಹಿ ಹಾಕಿದ್ದೆ.

"ಕಸ ಅಂತ ತಿಳದು ಮುಚ್ಚೀನಿ ಸಾರ್," ಅಂದರು ಖಾಜಾಸಾಬ್. "ಮೂವತ್ತು ವರ್ಷದಾಗ ಒಂದ ತೂತು ಬಿಟ್ಟಾಂವ ಅಲ್ಲ ನಾ."

ಹುಲುಗಪ್ಪನಿಗೆ ಸುಮ್ಮನಿರುವುದು ಗೊತ್ತಿಲ್ಲ. "ಚಂದ್ರನ್ನ ನೋಡಿ ಹಬ್ಬ ಮಾಡೋರ ಕೈಲೇ ಚಂದ್ರ ಮುಚ್ಚಿಸಿದ್ರಲ್ಲ ಸಾರ್," ಅಂದ.

"ಲೇ ಹುಲುಗಪ್ಪಾ, ನನ್ನ ಚಂದ್ರ ಬರಿಗಣ್ಣಿಗೆ ಕಾಣ್ತಾನ. ಇವು ಸಾಸ್ವಿಕಾಳಿಗಿಂತ ಸಣ್ಣವು."

"ಹೋಗ್ಲಿ ಬಿಡ್ರಿ. ಬ್ಲೇಡ್ ತಗೊಂಡು ಅಚ್ಚಿನ ಮ್ಯಾಲೆ ನಾಕು ಕಡೆ ಕೆರದರಾತು. ಯಾರಿಗೆ ಗೊತ್ತಾಗ್ತದ?"

"ಎಲ್ಲಿ ಕೆರೀತೀರಿ ಅಣ್ಣಾ?" ಎಂದು ಮೇಡಂ ಕೇಳಿದರು. "ನಿಮಗೆ ಚಂದ ಕಂಡಲ್ಲಾ?"

ಹುಲುಗಪ್ಪ ಎತ್ತಿಕೊಂಡಿದ್ದ ಬ್ಲೇಡನ್ನು ಮೇಜಿನ ಮೇಲಿಟ್ಟ.

ಗಂಟೆ ಒಂಬತ್ತಾಯಿತು, ಕರೆಂಟು ಹೋಯಿತು. ಆ ದಿನಗಳಲ್ಲಿ ಒಂಬತ್ತರಿಂದ ಹನ್ನೊಂದರವರೆಗೆ ನಮ್ಮ ಭಾಗಕ್ಕೆ ಕರೆಂಟು ಇರುತ್ತಿರಲಿಲ್ಲ. ಮೂಲ ಚಿತ್ರ ಕಂಪ್ಯೂಟರಿನಲ್ಲಿತ್ತು, ತೆರೆಯುವಂತಿಲ್ಲ. ಮಕ್ಕಳು ಚಂದ್ರರ ಜಾಗ ಗುರುತಿಸಿದ್ದ ನೋಟ್‌ಬುಕ್ಕುಗಳು ಬೆಳಿಗ್ಗೆಯೇ ಟೆಂಪೊದಲ್ಲಿ ಕಂಪ್ಲಿಗೆ ಹೋಗಿದ್ದವು. ನಾನು ಕಾಗದದ ಮೇಲೆ ವೇಳೆ ಬರೆದೆ. ಫಿಲ್ಮಿನಿಂದ ಅಚ್ಚಿನ ಪ್ಲೇಟು ಮಾಡಲು ಒಂದು ಗಂಟೆ, ನಮ್ಮದು ಎರಡು ಬಣ್ಣದ ಮಷಿನ್ ಆದ್ದರಿಂದ ಎರಡು ಓಟಕ್ಕೆ ಒಂದೂಕಾಲು ಗಂಟೆ, ಕಂಪ್ಲಿಗೆ ಒಂದು ಗಂಟೆಯ ದಾರಿ. ಕರೆಂಟು ಬರುವ ಹೊತ್ತಿಗೆ ಫಿಲ್ಮು ತಯಾರಿರಲೇಬೇಕು. ಇಲ್ಲವಾದರೆ ಮೂರು ಗಂಟೆಯ ಪ್ರದರ್ಶನ ತಪ್ಪುತ್ತದೆ.

ಓಪೇಕ್ ನೀರಿಗೆ ಕರಗುತ್ತದೆ. ಖಾಜಾಸಾಬ್ ಒದ್ದೆ ಹತ್ತಿಯಿಂದ ನಾಲ್ಕೂ ಫಿಲ್ಮಿನ ಆಕಾಶ ತೊಳೆದರು. ಒಂದೊಂದನ್ನೂ ಕಿಟಕಿಯ ಬಿಸಿಲಿಗೆ ಹಿಡಿದೆ. ಮುಚ್ಚಿದ ತೂತೆಲ್ಲ ಬಾಯಿ ತೆರೆದಿದ್ದವು, ಒಂದೊಂದು ಫಿಲ್ಮಿನಲ್ಲಿ ಮೂವತ್ತು, ನಲವತ್ತು. ಅವುಗಳಲ್ಲಿ ನಾಲ್ಕು ಮಾತ್ರ ಚಂದ್ರ, ಉಳಿದದ್ದು ಹುಬ್ಬಳ್ಳಿ ರಸ್ತೆಯ ಧೂಳು.

"ನಿಮ್ಮ ಹುಡುಗರು ಹೇಗೆ ಕಂಡುಹಿಡಿದರು?" ಎಂದು ಕೇಳಿದೆ.

"ಮೂಲ ಚಿತ್ರದಾಗೂ ಭಾಳ ಚುಕ್ಕಿ ಇದ್ವು ಸಾರ್. ಒಂದ ಚಿತ್ರದಾಗ ಇದ್ರ ಕಸ, ಮುಂದಿನ ಚಿತ್ರದಾಗೂ ಇದ್ರ ಚಂದ್ರ. ಹಂಗ ನೋಡಿ ನೋಡಿ ಹುಡುಕಿದ್ವಿ."

ಅಷ್ಟು ಸಾಕಾಯಿತು. ಧೂಳು ಒಂದು ಫಿಲ್ಮಿನ ಮೇಲೆ ಬೀಳಬಹುದು, ನಾಲ್ಕರ ಮೇಲೂ ಅದೇ ಜಾಗದಲ್ಲಿ ಬೀಳಲಾರದು. ನಾಲ್ಕು ಫಿಲ್ಮನ್ನೂ ಮೂಲೆಯ ರಿಜಿಸ್ಟರ್ ಗುರುತು ಕೂಡಿಸಿ ಒಂದರ ಮೇಲೊಂದು ಜೋಡಿಸಿ, ಟೇಪು ಹಚ್ಚಿ, ಕಿಟಕಿಯ ಗಾಜಿಗೆ ಅಂಟಿಸಿದೆ. ನೂರಕ್ಕೂ ಹೆಚ್ಚು ತೂತು ಒಮ್ಮೆಗೇ ಮಾಯವಾದವು. ಕಗ್ಗತ್ತಲ ಆಕಾಶದಲ್ಲಿ ಬಿಸಿಲು ತೂರಿ ಬಂದದ್ದು ಐದೇ ಕಡೆ. ಎರಡು ದೊಡ್ಡವು, ಮೂರು ಸಣ್ಣವು. ನಲವತ್ತು ವರ್ಷ ಫಿಲ್ಮು ನೋಡಿದವನು ನಾನು. ಎಲ್ಲಿಯ ಶನಿ, ಎಲ್ಲಿಯ ಚಿತ್ತವಾಡ್ಗಿಯ ಕಿಟಕಿ.

"ಐದು," ಎಂದರು ಮೇಡಂ. "ಆರನೇದು?"

ಫಿಲ್ಮನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸಿ ನೋಡಿದೆ. ಬರಲಿಲ್ಲ. ಹತ್ತೂ ಇಪ್ಪತ್ತಾಯಿತು. ಮೇಡಂ ಕಣ್ಣು ಮುಚ್ಚಿ ನೆನಪಿಸಿಕೊಂಡರು. "ಅದು ಬಳೆಗೆ ಹತ್ತಿರ ಇರೋದು ಸಾರ್. ಜಲ್ದಿ ಓಡ್ತದ. ಒಂದು ಚಿತ್ರ ತೆಗೆದು ಇನ್ನೊಂದು ತೆಗಿಯೋದ್ರಾಗ ಮುಂದ ಹೋಗಿರ್ತದ."

ಹಾಗಾದರೆ ನನ್ನ ಪರೀಕ್ಷೆಯೇ ಅದನ್ನು ಬಚ್ಚಿಟ್ಟಿತ್ತು. ಮೂರು ಚಿತ್ರದಲ್ಲಿ ಅದು ಮೂರು ಜಾಗದಲ್ಲಿದೆ. ಫಿಲ್ಮು ಜೋಡಿಸಿದರೆ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ.

ಖಾಜಾಸಾಬ್ ಮೂರೂ ಚಿತ್ರದ ಗುರುತು ಬೀಳುವ ಕಪ್ಪು ಬಣ್ಣದ ಫಿಲ್ಮನ್ನು ಬಿಡಿಸಿಕೊಂಡರು. ಬಳೆಯ ಅಂಚಿನಲ್ಲಿ ಭೂತಗನ್ನಡಿ ಓಡಿಸಿ ಒಂದು ಕಡೆ ನಿಂತರು. "ನಿನ್ನೆ ಇಲ್ಲಿ ಬ್ರಷ್ ಇಟ್ಟಿದ್ದು ನೆಪ್ಪೈತಿ. ಒಂದ ಗೆರಿಯಾಗ ಮೂರು ತೂತು. ಇದೇನು, ಯಾರೋ ಸ್ಕೇಲ್ ಹಿಡದು ಚುಚ್ಚಿದಂಗ ಅದಾವಲ್ಲ ಅಂದ್ಕೊಂಡೆ. ನೋಡ್ರಿ ಸಾರ್. ಕಸಕ್ಕ ಸಾಲಾಗಿ ಕುಂದ್ರೋದು ಗೊತ್ತಿರಲ್ಲ."

ಉಳಿದ ಮೂರು ಫಿಲ್ಮನ್ನು ಒಂದೊಂದಾಗಿ ಅದರ ಮೇಲಿಟ್ಟು ನೋಡಿದೆವು. ಮೊದಲ ತೂತು ಸಯಾನ್ ಫಿಲ್ಮಿನಲ್ಲಿ ಮಾತ್ರ, ಎರಡನೆಯದು ಮಜೆಂಟಾದಲ್ಲಿ, ಮೂರನೆಯದು ಹಳದಿಯಲ್ಲಿ. ಸಯಾನ್ ಇಲ್ಲದ ಕಡೆ ಕೆಂಪು, ಮಜೆಂಟಾ ಇಲ್ಲದ ಕಡೆ ಹಸಿರು, ಹಳದಿ ಇಲ್ಲದ ಕಡೆ ನೀಲಿ ಅಚ್ಚಾಗುತ್ತದೆ: ನೌಕೆಯ ಮೂರು ಗಾಜಿನ ಮುಂದೆ ಓಡಿದ ಒಂದೇ ಚಂದ್ರ. ಮೇಡಂ ಗೋಡೆಗೆ ಒರಗಿ ನಿಂತು ಕಣ್ಣೊರೆಸಿಕೊಂಡರು. ಹುಲುಗಪ್ಪ ಮಾತ್ರ, "ಶನಿವಾರ ಶನಿ ಹಿಡದ್ರ ಬಿಡೋದು ಹಿಂಗ ಏನು," ಎಂದು ಮಷಿನ್ ಒರೆಸಲು ಹೋದ.

ಚಂದ್ರರನ್ನು ಬಿಟ್ಟು ಧೂಳಿನ ತೂತನ್ನೆಲ್ಲ ಖಾಜಾಸಾಬ್ ಮತ್ತೆ ಮುಚ್ಚಿದರು. ಹತ್ತೂ ಐವತ್ತೈದಕ್ಕೆ ಬ್ರಷ್ ಕೆಳಗಿಟ್ಟರು. ಹನ್ನೊಂದೂ ಐದಕ್ಕೆ ಕರೆಂಟು ಬಂತು. ಒಂದೂ ಇಪ್ಪತ್ತಕ್ಕೆ ಕೊನೆಯ ಹಾಳೆ ಬಿತ್ತು. ಅಷ್ಟು ಗಾಢ ಮಸಿ ಒಣಗಲು ಇಡೀ ದಿನ ಬೇಕು. ಹಾಳೆಗೊಂದು ಹಳೆ ಪೇಪರು ನಡುವೆ ಇಟ್ಟು, ಒತ್ತಡ ಬೀಳದಂತೆ ಪ್ರೆಸ್ಸಿನ ಜೀಪಿನ ಹಿಂಭಾಗದಲ್ಲಿ ಮಲಗಿಸಿ ಹೊರಟೆವು. ಖಾಜಾಸಾಬ್ ತಾವೂ ಬರುತ್ತೇನೆಂದು ಹತ್ತಿ ಕುಳಿತರು. ಕಂಪ್ಲಿ ಮುಟ್ಟಿದ್ದು ಎರಡೂ ಮುಕ್ಕಾಲಿಗೆ.

ಉದ್ಘಾಟನೆಗೆ ಬಂದ ಅಧಿಕಾರಿ ತಾವು ಕೊಟ್ಟ ಮಾತಿನಂತೆ ಮೇಡಂ ಅವರ ಭೂತಗನ್ನಡಿ ಇಸಿದುಕೊಂಡು ತಾವೇ ಎಣಿಸಿದರು. ಮಕ್ಕಳು ಸುತ್ತ ನಿಂತಿದ್ದರು. ಐದಕ್ಕೆ ಬಂದು ಅವರ ಬೆರಳು ಬಳೆಯ ಅಂಚಿನಲ್ಲಿ ನಿಂತಿತು. ಅಲ್ಲಿ ಒಂದು ಕೆಂಪು, ಒಂದು ಹಸಿರು, ಒಂದು ನೀಲಿ ಚುಕ್ಕೆ ಸಾಲಾಗಿದ್ದವು.

"ಇದೇನ್ರಿ, ಇಲ್ಲಿ ಪ್ರಿಂಟಿಂಗ್ ಕೆಟ್ಟೈತಲ್ಲ? ಬಣ್ಣ ಸರದೈತಿ," ಎಂದರು.

ಅಧಿಕಾರಿಗಳ ಮಾತಿಗೆ ಎದುರು ಹೇಳುವ ರೂಢಿ ನನಗಿರಲಿಲ್ಲ. ಅಂದು ಹೇಳಿದೆ. "ನನ್ನ ಪ್ರೆಸ್ಸಿನ್ಯಾಗ ಬಣ್ಣ ಸರಿಯಲ್ಲ ಸಾಹೇಬ್ರ. ಬಳೆ ನೋಡ್ರಿ, ಅಕ್ಷರ ನೋಡ್ರಿ, ಎಲ್ಲಾ ಇದ್ದಲ್ಲೇ ಐತಿ. ಅಲ್ಲಿ ಸರದದ್ದು ಚಂದ್ರ."

ಅವರು ಬಳೆಯನ್ನು ನೋಡಿದರು, ಅಕ್ಷರಗಳನ್ನು ನೋಡಿದರು. ಕೊನೆಗೆ ಒಬ್ಬ ಹುಡುಗಿಯ ಕಡೆ ತಿರುಗಿ, "ಅಂದ್ರ ಇದು ಓಡೋದನ್ನ ನೀವು ಹಿಡದೀರಿ?" ಎಂದು ಕೇಳಿದರು.

"ಹೌದ್ರಿ ಸಾರ್," ಎಂದಳು ಆಕೆ. ಅವರು ಗಟ್ಟಿಯಾಗಿ "ಆರು" ಎಂದರು. ಖಾಜಾಸಾಬ್ ಟೋಪಿ ತೆಗೆದು ತಲೆ ಒರೆಸಿಕೊಂಡರು.

ಶಿಸ್ತನ್ನು ನಾನು ಇಂದಿಗೂ ಬಿಟ್ಟವನಲ್ಲ. ಅಂದು ಕಲಿತದ್ದು ಇಷ್ಟು: ಒಂದು ಫಿಲ್ಮನ್ನು ಮಾತ್ರ ನೋಡಿ ಯಾವುದನ್ನೂ ಕಸವೆಂದು ತೀರ್ಮಾನಿಸಬಾರದು. ಉಳಿದ ಮೂರನ್ನೂ ನೋಡಬೇಕು. ಆಮೇಲೂ ಅನುಮಾನವಿದ್ದರೆ ಚಿತ್ರ ತಂದವರನ್ನು ಕೇಳಬೇಕು. ಸೋಮವಾರದಿಂದ ಬಿಡಿ ಫಿಲ್ಮಿಗೆ ಸಹಿ ಹಾಕುವುದನ್ನು ನಿಲ್ಲಿಸಿದೆ.

ಸಂಜೆ ಆರೂ ಹತ್ತಕ್ಕೆ ಮುದ್ರಣಾಲಯಕ್ಕೆ ಮರಳಿದೆವು. ಖಾಜಾಸಾಬ್ ನಾಲ್ಕು ಫಿಲ್ಮನ್ನೂ ಒರೆಸಿ, ನಡುವೆ ತೆಳುಕಾಗದ ಇಟ್ಟು ಕವರಿಗೆ ಹಾಕಿದರು. ಕವರಿನ ಮೇಲೆ ಕೆಲಸದ ಹೆಸರು ಬರೆಯುವುದು ನನ್ನ ಕೆಲಸ. ಅಂದು ಪೆನ್ನು ಅವರಿಗೆ ಕೊಟ್ಟೆ. ಅವರು ನಿಧಾನವಾಗಿ ಬರೆದರು: "ಶನಿ. ಆರು ಚಂದ್ರ. ಬಳೆ ಹತ್ರ ಮೂರು ತೂತು ಅದಾವ, ಮೂರೂ ಒಂದ. ಮುಟ್ಟಬ್ಯಾಡ್ರಿ." ಕವರನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.